ಮಾದರಿ ವಸ್ತು

ಕೊನೆಯ ಟ್ರಾಮನ್ನು ಶೆಡ್ಡಿಗೆ ಸೇರಿಸಿ ಬಂದು
ರಾತ್ರಿ ಹನ್ನೆರಡಕ್ಕೆ ಅಂಗಡಿ ಕಟ್ಟಲು ಕೂತೆ.
ಇಟ್ಟಿಗೆ ಬೇಡ, ಗಾರೆ ಬೇಡ; ಎಳೆದು ತಂದು ಬಿಟ್ಟರೆ
ಬಾಗಿಲು ತಾನೇ ಕೂರುತ್ತದೆ.

'ನಿಮ್ಮ ಕಥೆ ಹೇಳಿ' ಎಂದಿತು ಖಾಲಿ ಚೌಕ.
ಏನು ಹೇಳಲಿ? ಲಿಯೆಪಾಯಾದಲ್ಲಿರುವುದು ಒಂದೇ ಟ್ರಾಮ್ ದಾರಿ,
ಹೋಗುತ್ತೇನೆ, ಬರುತ್ತೇನೆ.
ತುದಿ ನಿಲ್ದಾಣದ ಒಂಬತ್ತು ನಿಮಿಷದಲ್ಲಿ
ಜುನಿಪರ್ ಕೊರಡು ಕೆತ್ತಿ ಬೆಣ್ಣೆಚಾಕು ಮಾಡುತ್ತೇನೆ.
ಬರೆದೆ, ಅಳಿಸಿದೆ.
'ವೆಲ್ಟಾ, ಚಾಕುಗಳು' ಎಂದಷ್ಟೇ ಉಳಿಸಿದೆ.

ಬಣ್ಣಕ್ಕೆ ಗುಂಡಿಯಿತ್ತು, ಅಳತೆಗಿತ್ತು;
ಆ ಮರದ ವಾಸನೆಗೆ ಇರಲಿಲ್ಲ.

ಹನ್ನೊಂದನೇ ದಿನ ಟಣ್ ಎಂದಿತು ಫೋನು.
ಬೋಣಿ!
ದೌಗಾವ್‌ಪಿಲ್ಸ್‌ನ ಯಾರೋ ಯಾಜೆಪ್ಸ್ ಕೊಂಡದ್ದು
ಚಾಕುವನ್ನಲ್ಲ,
ಅಂಗಡಿಯ ಜೊತೆಗೇ ಬಂದ, ನಾನು ಅಳಿಸಲು ಮರೆತ
ಬಿಳಿ ಬಟ್ಟಲು: 'ಮಾದರಿ ವಸ್ತು, ಹತ್ತು ಯೂರೋ.'
ಎರಡು.

ದುಡ್ಡು ಮರಳಿಸುವ ಗುಂಡಿಯ ಮೇಲೆ
ಬೆರಳಿಟ್ಟು ಕೂತಿದ್ದೇನೆ.
ಬೋಣಿ ಗಿರಾಕಿಯನ್ನು ಬರಿಗೈಲಿ ಕಳಿಸಬೇಡ ಎನ್ನುತ್ತಿದ್ದಳು
ಸಂತೆಯಲ್ಲಿ ಹೊಗೆಮೀನು ಮಾರುತ್ತಿದ್ದ ಅಮ್ಮ.
ಅಲ್ಲದೆ, ಎಲ್ಲೋ ಒಂದು ಅಡುಗೆಮನೆಯಲ್ಲಿ
ಎರಡು ಬಟ್ಟಲಿಗೆ ಜಾಗ ಖಾಲಿಯಿದೆಯೆಂದು
ಈಗ ನನಗೆ ಗೊತ್ತು.

ಜುನಿಪರಿನಲ್ಲಿ ಬಟ್ಟಲು ಕೊರೆಯಬಹುದೇ?
ಬುಡ ದಪ್ಪನೆಯದು ಸಿಗಬೇಕು.
ನಾಳೆ ಬೆಳಗಿನ ಪಾಳಿ. ನೋಡೋಣ.