ಒಂದು ಮಿಲಿಮೀಟರ್ ಗಾಳಿ

ಮೇ ತಿಂಗಳ ಸಾಯನ್. ತಗಡಿನ ಮಾಡಿನ ಕೆಳಗೆ
ನಮ್ಮವು ಎರಡು ಒಲೆ:
ಅವ್ವನ ಹಂಚು, ನನ್ನ ಪ್ರೊಸೆಸರ್.
ಅದರ ಮೇಲೆ ಮೆಸ್ಸಿನವರ ಎಂಬತ್ತು ಜೋಳದ ರೊಟ್ಟಿ,
ಇದರ ಮೇಲೆ ಕಾಂಬಳೆಯವರ ಮದುವೆ,
ಮೂರು ತಾಸಿನ ವಿಡಿಯೊ,
ಅರಿಶಿಣ ಹಚ್ಚುವುದರಿಂದ ಹೆಣ್ಣು ಕಳಿಸುವವರೆಗೆ.

ಪ್ರೊಸೆಸರ್ ಸೆಕೆಂಡ್ ಹ್ಯಾಂಡ್.
ಮೂರೂವರೆ ಗಿಗಾಹರ್ಟ್ಸ್ ಎಂದು ಹುಟ್ಟುವಾಗ ಹಣೆಗೆ ಬರೆದದ್ದು,
ನಾನು ಓವರ್‌ಕ್ಲಾಕ್ ಮಾಡಿ ನಾಲ್ಕೂಕಾಲಕ್ಕೆ ಏರಿಸಿದೆ.
ಹಣೆಬರಹ ತಿದ್ದಲು ಎರಡು ಗುಂಡಿ ಒತ್ತಿದರೆ ಆಯಿತು;
ಆಮೇಲಿನ ಝಳದ ಮಾತು ಯಾರೂ ಎತ್ತಿರಲಿಲ್ಲ.
ತೊಂಬತ್ತೆಂಟು ಡಿಗ್ರಿ ಮುಟ್ಟಿದ್ದೇ ತಡ
ಅದು ಕುಂಟತೊಡಗುತ್ತದೆ,
ಮದುಮಗಳು ಹಾರ ಎತ್ತಿದ ಕೈ
ಎತ್ತಿದಲ್ಲೇ ನಿಲ್ಲುತ್ತದೆ.

ಕೂಲರ್ ತರ್ತೀನಿ ಎಂದೆ.
ಅವ್ವನ ಮುಖ ಒಂದು ಗಳಿಗೆ ಅರಳಿತು.
“ಕಿಟಕ್ಯಾಗ ಕೂಡಸೂಣೇನ?”
ಅಲ್ಲವ್ವಾ, ಇದರೊಳಗ.
ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು
ಮುಂದಿನ ರೊಟ್ಟಿ ತಟ್ಟಿದಳು, ತುಸು ಜೋರಾಗಿ.

ದಾದರಿನಲ್ಲಿ ಸೇತುವೆ ದಾಟಿ, ಗ್ರ್ಯಾಂಟ್ ರೋಡಿಗಿಳಿದು,
ಲ್ಯಾಮಿಂಗ್ಟನ್ ರೋಡಿನ ಏಣಿಯಂಥ ಮೆಟ್ಟಿಲು ಹತ್ತಿದರೆ
ವಿರಾಲ್ ಗಾಲಾನ ಅಂಗಡಿ.
ಪರ್ಸಿನಲ್ಲಿ ಎರಡು ಸಾವಿರ, ಅದರಲ್ಲೇ ವಾಪಸಿನ ಚಹಾ.
ಮೊದಲು ತೋರಿಸಿದ್ದು ನೀರು ಹರಿಯುವಂಥದ್ದು, ಬಣ್ಣದ ದೀಪದ್ದು.
ನಗು ಬಂತು.
ನಮ್ಮ ಓಣಿಗೆ ನೀರು ಬರುವುದೇ ನಸುಕಿನ ನಾಲ್ಕೂವರೆಗೆ.
ಆಮೇಲೆ ಜೋಡಿ ಗೋಪುರ, ಅವಳಿ ಫ್ಯಾನು,
ಎತ್ತಿದರೆ ಬೀಸುಕಲ್ಲಿನ ಮೇಲ್ಗಲ್ಲು. ಬೆಲೆಯೂ ಅಷ್ಟೇ ಭಾರ.
ಆರುನೂರರ ಕುಳ್ಳನನ್ನು ನಾನೇ ಕೈಗೆತ್ತಿಕೊಂಡೆ;
“ಇದು ಆಫೀಸಿನ ಟೈಪಿಂಗಿಗೆ, ತಾಯಿ, ನಿಮ್ಮ ಕೆಲಸಕ್ಕಲ್ಲ”
ಎಂದು ಕಸಿದಿಟ್ಟ. ಲಾಭ ಬಿಟ್ಟ ಗಾಲಾನನ್ನು
ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ.

ಕೊನೆಗೆ ಇದು:
ನಾಲ್ಕು ತಾಮ್ರದ ಕೊಳವೆ, ಒಂದೇ ಫ್ಯಾನು,
ಹಾಳೆ ಹಾಳೆ ಅಲ್ಯುಮಿನಿಯಂ,
ಉಗುರಾಡಿಸಿದರೆ ಬಾಚಣಿಗೆಯ ಸದ್ದು.
ಸಾವಿರದ ಏಳುನೂರೈವತ್ತು.
ಎತ್ತರ ನೂರೈವತ್ತೈದು ಮಿಲಿಮೀಟರ್.

ಡಬ್ಬಿಯ ಒಳಗಿನ ಜಾಗ ಬೆಳಿಗ್ಗೆಯೇ ಅಳೆದು
ಅಂಗೈ ಮೇಲೆ ಬರೆದುಕೊಂಡಿದ್ದೆ.
ಲೋಕಲ್ ಗಾಡಿಯ ಬೆವರಿಗೆ ಕೊನೆಯ ಅಂಕಿ ಕದಡಿ
ಆರೋ ಸೊನ್ನೆಯೋ.
ಆರಾದರೆ ಮುಚ್ಚಳ ಮುಚ್ಚುತ್ತದೆ.
ಸೊನ್ನೆಯಾದರೆ ಬಾಯಿ ತೆರೆದೇ ಇರಬೇಕು, ಇಲಿಗೂ ಜಿರಳೆಗೂ.

ಫೋನು ಮಾಡಿದೆ. ಅವ್ವನಿಗೆ ಟೇಪಿನ ಗೆರೆ ತಿಳಿಯದು.
ಹಿಟ್ಟಿನ ಕೈ ತೊಳೆದು, ಡಬ್ಬಿಯೊಳಗೆ ಬೆರಳಿಟ್ಟು ಎಣಿಸಿದಳು:
“ಎಂಟು ಬೆರಳು. ಮ್ಯಾಲ ಒಂದು ಜ್ವಾಳದ ಕಾಳು.”
ಗಾಲಾನ ಗಾಜಿನ ಮೇಜಿನ ಮೇಲೆ
ನನ್ನ ಎಂಟು ಬೆರಳು ಜೋಡಿಸಿದೆ. ಸಾಲಲಿಲ್ಲ.
ಅವಳ ಬೆರಳು ದಪ್ಪ, ನಲವತ್ತು ವರ್ಷ ತಟ್ಟಿದವು.
ಆ ದಪ್ಪವನ್ನು ನಂಬಿ
ದುಡ್ಡು ಎಣಿಸಿದೆ.

ಕಡಲೆಕಾಳಿನಷ್ಟು ಪೇಸ್ಟು, ನಾಲ್ಕು ತಿರುಪು,
ಮುಚ್ಚಳ ಜಾರಿ ಕೂತಿತು.
ನಡುವೆ ಉಳಿದದ್ದು ಒಂದು ಮಿಲಿಮೀಟರ್ ಗಾಳಿ.

“ಎಷ್ಟು ತಂಪ ಮಾಡ್ತೈತಿ ಇದು?”
ತಂಪು ಮಾಡೂದಿಲ್ಲವ್ವಾ. ಅಲ್ಲಿನ ಝಳ ತಂದು ಇಲ್ಲಿ ಒಗೀತೈತಿ.
“ಅಂದ್ರ ನಮ್ಮ ಮ್ಯಾಲ.”
ಹೌದು ಅನ್ನಲಿಲ್ಲ.
ಬಯಾಸಿಗೆ ಹೋಗಿ ಆಸೆಯನ್ನು ನೂರೈವತ್ತು ಮೆಗಾಹರ್ಟ್ಸ್ ಇಳಿಸಿದೆ.
ಎಂಬತ್ತೊಂದು ಡಿಗ್ರಿ.
ಕಾಂಬಳೆಯವರ ಮಗಳ ಕೈಯ ಹಾರ
ನಡುರಾತ್ರಿ ಒಂದೂವರೆಗೆ ಕೊರಳು ಮುಟ್ಟಿತು.

ಜೂನ್ ಬಂತು. ಮುಂಬೈಯ ಮಳೆಗೆ ಏನೂ ಒಣಗುವುದಿಲ್ಲ.
ಈಚೆಗೆ ಅವ್ವ ರಾತ್ರಿ ಮಲಗುವ ಮುನ್ನ ಕೇಳುತ್ತಾಳೆ,
ಇವತ್ತು ಯಾರ ಮದುವಿ ಐತಿ, ಎಷ್ಟೊತ್ತಿನ ತನಕ?
ಕೇಳಿ, ನಾಳೆಯ ಕುಪ್ಪಸವನ್ನು
ಫ್ಯಾನಿನ ಹಿಂದೆ ಹಗ್ಗಕ್ಕೆ ಹಾಕುತ್ತಾಳೆ,
ತೋಳು ಮೊದಲು, ಆಮೇಲೆ ಬೆನ್ನು.