ಅಂಟು

ಗುತ್ತಲು ರಸ್ತೆಯ ಮೀನಿನಂಗಡಿ ಮುಚ್ಚಿದ ದಿನ
ಅಫ್ರೋಜ್ ಅದನ್ನು ಸುಮ್ಮನೆ ಕೊಟ್ಟ.
ಕಾಸು ಬೇಡ ಅಕ್ಕ, ಬದುಕಿದರೆ ನಿಮ್ಮದು.
ಪ್ಲಾಸ್ಟಿಕ್ ಕವರಿನ ತಳದಲ್ಲಿ
ಒಗೆದು ಹಿಂಡಿದ ಕಾಲುಚೀಲದಂಥ ಒಂದು ಮುದ್ದೆ,
ಬಣ್ಣವೆಲ್ಲ ಬಿಟ್ಟು ಬಿಳಿಚಿಕೊಂಡ ಕಡಲಹೂವು.
ಬಾಯಿ ತೆರೆದೇ ಇತ್ತು. ಪಂಪಿಗೆ ಸಿಕ್ಕಿ
ಒಂದು ಮಗ್ಗುಲಿನ ಎಸಳು ಹರಿದಿದ್ದವು.

ಎಸಳು ಅಂದೆ. ಎಸಳಲ್ಲ ಅವು, ಕೈ.
ಹೂವೂ ಅಲ್ಲ, ಪ್ರಾಣಿ.
ಕೆಳಮನೆಯ ಪುಟ್ಟನಂಜಮ್ಮನವರಿಗೆ ಮಾತ್ರ
ಹೂವೆಂದೇ ಹೇಳಿದ್ದೇನೆ,
ಬಾಡಿಗೆ ಕರಾರಿನಲ್ಲಿ ಮಾಂಸ ಮೀನು ಕೂಡದು.
ಅದಕ್ಕೆ ತಿನ್ನಲು ಸಿಗಡಿ ಬೇಕೆಂಬುದು
ನನ್ನ ಬ್ಯಾಗಿಗೂ ಫ್ರಿಜ್ಜಿಗೂ ಗೊತ್ತು.

ಕಾರ್ಖಾನೆ ಕಬ್ಬು ನುರಿಯುವ ತಿಂಗಳು,
ಊರಿಗೆ ಊರೇ ಕಾಕಂಬಿಯ ನಾತ.
ಕಿಟಕಿ ಎಳೆದುಕೊಂಡು ಉಪ್ಪು ತೂಗುತ್ತೇನೆ,
ಲೀಟರಿಗೆ ಮೂವತ್ತೈದು ಗ್ರಾಂ.
ಕಡಲನ್ನು ನೋಡಿದ್ದು ಒಂದೇ ಸಲ,
ಏಳನೇ ಕ್ಲಾಸಿನ ಟೂರಿನಲ್ಲಿ.
ಅದಕ್ಕಿಂತ ಚೆನ್ನಾಗಿ ನೆನಪಿರುವುದು
ಸೀಟಿನ ಮೇಲೆ ವಾಂತಿ ಮಾಡಿದ್ದಕ್ಕೆ ಡ್ರೈವರು ಬೈದದ್ದು.

ಆದರೆ ಉಪ್ಪುನೀರು ನನಗೆ ಹೊಸದಲ್ಲ.
ಹಗಲಿಡೀ ಅದೇ ಕೆಲಸ: ಡಯಾಲಿಸಿಸ್ ವಾರ್ಡು,
ಆರು ಮೆಷಿನ್ನು, ಆರು ಮಂಚ,
ಕೊಳವೆಯಲ್ಲಿ ಹೊರಬಂದು ತೊಳೆದುಕೊಂಡು
ಮತ್ತೆ ಒಳಹೋಗುವ ಅವರವರ ರಕ್ತ.
ಅಲ್ಲಿ ಉಪ್ಪು ಒಂದು ಗೆರೆ ಏರಿದರೆ ಅಲಾರಂ ಕೂಗುತ್ತದೆ.
ಇಲ್ಲಿ ಕೂಗುವವರಿಲ್ಲ,
ರಾತ್ರಿ ಎರಡಕ್ಕೊಮ್ಮೆ ನಾನೇ ಎದ್ದು
ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಬೇಕು.

ಅಕ್ಕಿ ತೊಳೆಯುವ ಜಾಲರಿಯನ್ನು ಬೋರಲು ಹಾಕಿ
ಅದರೊಳಗೆ ಇಟ್ಟಿದ್ದೆ, ತೇಲಿಹೋಗಿ
ಮತ್ತೆ ಪಂಪಿನ ಬಾಯಿಗೆ ಬೀಳದ ಹಾಗೆ.
ಸಾಸಿವೆಯಷ್ಟು ಸಿಗಡಿ, ಚಿಮಟದ ತುದಿಯಲ್ಲಿ.
ಮೊದಲ ಒಂಬತ್ತು ದಿನ ಉಗುಳಿತು.
ಹತ್ತನೆಯ ದಿನ ನುಂಗಿ, ಮಾರನೆಯ ದಿನ ಉಗುಳಿತು.

ಬಸರಾಳಿನ ಬೋರಲಿಂಗಯ್ಯ, ಮೂರನೇ ಮಂಚ,
ಮಂಗಳವಾರ ಮತ್ತು ಶುಕ್ರವಾರ.
ನಲವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲ ಬೇಯಿಸಿದ ಕೈ,
ಈಗ ಸೂಜಿ ಸಿಗದ ಕೈ.
ನಾಲ್ಕು ತಾಸು ಸುಮ್ಮನಿರಲಾಗದೆ
ನನ್ನ ಮನೆಯ ಸುದ್ದಿಯೆಲ್ಲ ಕೇಳಿ ಮುಗಿಸಿದ್ದ.
ತಿನ್ನೋದೂ ಅದೇ ಬಾಯಲ್ಲಿ, ಹೇಲೋದೂ ಅದೇ ಬಾಯಲ್ಲಾ?
ನಮ್ಮೂರ ಛೇರ್ಮನ್ ಕಣವ್ವ ಅದು!
ಪಕ್ಕದ ಮಂಚದವರೂ ನಕ್ಕರು,
ಬಿಪಿ ಹತ್ತು ಪಾಯಿಂಟು ಏರಿತು.

ಆಮೇಲೆ ಕೇಳಿದ, ಬೆಟ್ಟಿಗೆ ಅಂಟ್ತದಾ?
ಇಲ್ಲ, ಅಂದೆ. ಗಟ್ಟಿಮುಟ್ಟಾದ್ದು ಅಂಟುತ್ತದಂತೆ,
ಇದು ಜಾರುತ್ತದೆ, ನೆನೆದ ಸಾಬೂನಿನ ಹಾಗೆ.
ಹಂಗಾರೆ ಇನ್ನೂ ಆಗಿಲ್ಲ, ಅಂದ.
ಪಾಕ ನೋಡಕ್ಕೆ ಕಣ್ಣು ಸಾಲದು,
ನೀರಿಗೆ ಬಿಟ್ಟು ಬೆಟ್ಟಲ್ಲಿ ಹಿಡೀಬೇಕು.
ಅಂದಿನಿಂದ ವಾರಕ್ಕೆ ಎರಡು ಸಲ ಅದೇ ಪ್ರಶ್ನೆ,
ಸೂಜಿ ಚುಚ್ಚುವ ಮೊದಲು.
ನಾನು ಇಲ್ಲ ಅನ್ನುವಷ್ಟರಲ್ಲಿ
ಸೂಜಿ ಒಳಗೆ ಹೋಗಿರುತ್ತಿತ್ತು.

ಒಂದು ಶುಕ್ರವಾರ, ಬೆಳಗಿನ ಜಾವ, ಕರೆಂಟು ಹೋಯಿತು.
ಬ್ಯಾಟರಿ ಪಂಪು ಹಚ್ಚಲು ಕತ್ತಲಲ್ಲೇ ಕೈ ಇಳಿಸಿದೆ.
ಜಾಲರಿಯ ಕಂಡಿಯಿಂದ ಏನೋ
ಬೆರಳ ತುದಿ ಹಿಡಿಯಿತು,
ಎಳೆಗರುವಿನ ನಾಲಿಗೆಯ ಹಾಗೆ,
ಮೆತ್ತಗೆ, ತರಿತರಿಯಾಗಿ.
ಬಿಡಿಸಿಕೊಳ್ಳಲು ತುಸು ಎಳೆಯಬೇಕಾಯಿತು.
ಎಳೆಯದೆ ಸ್ವಲ್ಪ ಹೊತ್ತು ನಿಂತೆ.
ಮೊಣಕೈತನಕ ತಣ್ಣಗೆ ಉಪ್ಪು.

ಅವತ್ತು ಬೋರಲಿಂಗಯ್ಯ ನಾಲ್ಕು ಕೆಜಿ ಹೆಚ್ಚಿಗೆ ಬಂದ,
ಬೀಗರೂಟದಲ್ಲಿ ಮಜ್ಜಿಗೆ ಕುಡಿದು.
ಬೈದೆ. ಬೈಯುವುದರಲ್ಲಿ ಹೇಳುವುದು ಮರೆತೆ.
ಅವನೂ ಕೇಳಲಿಲ್ಲ, ಮುಖ ಊದಿತ್ತು.
ಸಂಜೆ ಹತ್ತಿ ಒತ್ತಿ ಪಟ್ಟಿ ಅಂಟಿಸುವಾಗ
ಕಣ್ಣು ಬಿಡದೆಯೇ, ಅಂಟ್ತಾ? ಅಂದ.
ಅಂಟ್ತು, ಅಂದೆ.
ಮತ್ತೇನ್ ನೋಡ್ತಾ ನಿಂತಿದ್ದೀಯೆ,
ಇಳಿಸು, ಸೀದೋದಾತು.

ಮನೆಗೆ ಹೋಗಿ ಬಟ್ಟೆ ಕೂಡ ಬದಲಿಸದೆ
ಜಾಲರಿ ಎತ್ತಿದೆ.