ಹತ್ತು ನೀರು

ಮುಂಡರಗಿ ಕಡೆಯ ಬಣ್ಣದ ಕಾರ್ಖಾನೆಯಲ್ಲಿ
ಉಪ್ಪು ತೂಗುವವಳು ನಾನು, ಮಾಬುನ್ನಿ.
ಊಟದ ಉಪ್ಪಲ್ಲ. ನಾಲಿಗೆಗಿಟ್ಟರೆ
ಮೊದಲು ತಂಪು, ಆಮೇಲೆ ಕಹಿ.
ಗ್ಲಾಬರ್ ಅನ್ನುತ್ತಾರೆ.
ಜೀನ್ಸಿನ ಕಪ್ಪನ್ನು ನೀರಿನಿಂದ ದೂಡಿ ದೂಡಿ
ನೂಲಿಗೆ ಹತ್ತಿಸುವ ಉಪ್ಪು.
ಚೀಲಕ್ಕೆ ಐವತ್ತು ಕೇಜಿ. ಗಾಜಿನ ಚೂರಿನಂಥ ಹರಳು,
ಮುಟ್ಟಿದರೆ ಒಣ ಒಣ.

ಒಣಗಿದೆ ಅಂತಲೇ ನಂಬಿದ್ದೆ.

ಲ್ಯಾಬಿನ ತಿಪ್ಪೇರುದ್ರ ಒಂದು ದಿನ
ಮಂಡಕ್ಕಿ ಕಟ್ಟಿದ ಹಾಳೆ ಬಿಡಿಸಿ
ಮಿರ್ಚಿಯ ಎಣ್ಣೆ ಕಲೆಯ ಮೇಲೇ ಪೆನ್ನೊತ್ತಿ ಬರೆದ:
ಒಂದು ಉಪ್ಪು, ಸುತ್ತ ಹತ್ತು ನೀರು.
"ಐವತ್ತರಾಗ ಇಪ್ಪತ್ತೆಂಟು ಕೇಜಿ ನೀರೇ ಅದಾವಕ್ಕ.
ಹಸಿ ಕಾಣಂಗಿಲ್ಲ, ಅಷ್ಟ.
ಕೈ ಕೈ ಹಿಡಕಂಡು ಕುಂತಾವು."

ಅವತ್ತಿನಿಂದ ಚೀಲ ಎತ್ತಿದಾಗೆಲ್ಲ
ಹೆಗಲ ಮೇಲೊಂದು ಕೊಡ,
ತುಳುಕದ ಕೊಡ.

ಏಪ್ರಿಲ್ ಹದಿನೇಳು. ಕೋಟೆಗುಡ್ಡದ ಬಂಡೆ
ನುಂಗಿದ ಹಗಲನ್ನು ರಾತ್ರಿಯೆಲ್ಲ ಉಗುಳುತ್ತಿತ್ತು.
ತಗಡಿನ ಗೋದಾಮಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಮೂವತ್ತೆಂಟು.
ಚೀಲಗಳು ಬೆವರತೊಡಗಿದವು.
ಮೂವತ್ತೆರಡು ದಾಟಿದ್ದೇ ತಡ
ಈ ಉಪ್ಪಿಗೆ ಕರಗಲು ತನ್ನ ನೀರೇ ಸಾಕು,
ಹೊರಗಿನ ಹನಿ ಒಂದೂ ಬೇಡ.
ಹತ್ತೂ ಕೈ ಬಿಡುತ್ತವೆ. ಹೊಲಿಗೆಯ ಸಂದಿನಿಂದ ಇಳಿದು
ನೆಲದ ಇಳಿಜಾರು ಹುಡುಕಿ ಚರಂಡಿ ಸೇರುತ್ತವೆ,
ಹೋಗುವಾಗ ಉಪ್ಪನ್ನೂ ಒಂದಿಷ್ಟು ಕರೆದುಕೊಂಡು.
ತಳದಲ್ಲಿ ಉಳಿಯುವುದು ಬಿಳಿ ಹಿಟ್ಟು,
ಹೊಳಪಿಲ್ಲ; ಹೆಸರು ಮಾತ್ರ ಹಳೆಯದು.

ಮಾಲೀಕ ತೂಕದ ಪುಸ್ತಕ ನೋಡಿದ.
ಹನ್ನೆರಡು ಚೀಲದಲ್ಲಿ ನೂರಾ ತೊಂಬತ್ತು ಕೇಜಿ ಕಡಿಮೆ.
ಕಾವಲಿನ ಎರ್ರೆಣ್ಣನ ಪಗಾರದಲ್ಲಿ ಹಿಡಿದ.
"ಉಪ್ಪಿಗೆ ಕಾಲು ಬಂದಾವೇನಲೇ?"
ಬಂದಿದ್ದವು. ನಾನು ಹೇಳಲಿಲ್ಲ.
ತೂಗುವವಳ ಮಾತಿಗೆ ತೂಕ ಎಷ್ಟು?

ನಡುವೆ ಇದನ್ನೂ ಹೇಳಬೇಕು.
ಮೇಸ್ತ್ರಿ ಬಂದೇನವಾಜ್ ಕಡಾಯಿಯ ಮುಂದೆ ನಿಂತು
"ಕರಗವಲ್ದು, ಇನ್ನಷ್ಟು ಹಬೆ ಬಿಡ್ರಿ" ಎಂದು ಕೂಗುತ್ತಾನೆ.
ಕಾಯಿಸಿದಷ್ಟೂ ಕರಗುವುದು ಬೆಲ್ಲ.
ಇದು ಮೂವತ್ತೆರಡರವರೆಗೆ ಓಡೋಡಿ ಬಂದು
ಅಲ್ಲಿಂದಾಚೆ ಬೆಂಕಿ ಹಾಕಿದರೆ
ತುಸು ತುಸುವೇ ಹಿಂದಕ್ಕೆ ಸರಿಯುತ್ತದೆ.
"ಯಾರ ಸ್ವಭಾವಪ್ಪಾ ಇದು?" ಅಂದೆ.
"ನಮ್ಮವ್ವಂದು" ಅಂದ ತಿಪ್ಪೇರುದ್ರ.

ಡಿಸೆಂಬರ್. ಶನಿವಾರ ಬಿಸಿನೀರಲ್ಲಿ ಕರಗಿಸಿ,
ಸೋಸಿ, ಮುಚ್ಚಿಟ್ಟ ಒಂದು ಟಬ್ಬು,
ಕರೆಂಟು ಹೋಗಿ, ಹಾಗೇ ಉಳಿದಿತ್ತು.
ಸೋಮವಾರ ಆರಕ್ಕೆ ಮುಚ್ಚಳ ತೆಗೆದೆ.
ಉಸಿರು ಹೊಗೆಯಾಗುವ ಚಳಿ.
ನೀರು ತಿಳಿಯಾಗಿ, ಅಲುಗದೆ,
ತನ್ನೊಳಗೆ ಏನೂ ಇಲ್ಲವೆಂಬಂತೆ ನಿಂತಿತ್ತು.
ಹಿಡಿಯಲಾರದಷ್ಟು ಉಪ್ಪು ಅದರಲ್ಲಿ.
ಇಷ್ಟೊತ್ತಿಗೆ ಹರಳಾಗಬೇಕು, ಆಗಿಲ್ಲ.
ಪಗಾರದ ದಿನ ಕಿಟಕಿಯ ಮುಂದಿನ ಸಾಲು
ಮೊದಲು ಯಾರು ಕೇಳುತ್ತಾರೆಂದು
ಒಬ್ಬರ ಬೆನ್ನು ಒಬ್ಬರು ನೋಡುತ್ತ ನಿಲ್ಲುತ್ತದಲ್ಲ, ಹಾಗೆ.

ಬಗ್ಗಿದೆ.
ಸೆರಗಿನ ಅಂಚಿಂದ ಒಂದು ಕಣ,
ಸಾಸಿವೆಯ ಕಾಲುಭಾಗವೂ ಇಲ್ಲ, ಬಿತ್ತು.

ಬಿದ್ದಲ್ಲಿಂದ ಸೂಜಿ. ಸೂಜಿಯ ಬುಡದಲ್ಲಿ ಸೂಜಿ.
ಕವಲೊಡೆದು, ಅಂಚಿಗೆ ತಾಗಿ, ತಿರುಗಿ,
"ಎರ್ರೆಣ್ಣಾ" ಎಂದು ನಾನು ಕೂಗಿ ಮುಗಿಸುವಷ್ಟರಲ್ಲಿ
ಟಬ್ಬಿನ ತುಂಬ ಗಟ್ಟಿ ಹರಳು.
ಎಲ್ಲಿಂದಲೋ ಕರೆದಂತೆ ಹತ್ತೂ ಬಂದು
ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದವು.

ಕೈಯಿಟ್ಟೆ. ಬೆಚ್ಚಗಿತ್ತು.
ಕರಗುವಾಗ ಇಸಕೊಂಡ ಕಾವನ್ನು
ಒಂದು ಪೈಸೆ ಹಿಡಿಯದೆ ಮರಳಿಸುತ್ತಿತ್ತು.

ಎರ್ರೆಣ್ಣ ಮಫ್ಲರು ಸರಿಸಿ
ಎರಡೂ ಅಂಗೈ ಊರಿದ, ಒಲೆಯ ಮುಂದೆ ಊರುವಂತೆ.
ಗೇಟಿನಾಚೆ ಮಾಲೀಕನ ಕಾರು ಹಾರ್ನು ಹೊಡೆಯಿತು.
ಅವನು ಏಳಲಿಲ್ಲ.
"ಬರಲಿ ತಡಿ, ಅವಂಗೂ ಮುಟ್ಟಿಸ್ತೀನಿ" ಅಂದೆ.
"ಉಪ್ಪಿಗೆ ಕಾಲು ಎಷ್ಟು ಅಂತ ಇವತ್ತು ಹೇಳ್ತೀನಿ."
"ಎಷ್ಟವ್ವಾ?"
"ಹತ್ತು."

ಹಾರ್ನು ಮತ್ತೊಮ್ಮೆ.
ಹರಳು ಇನ್ನೂ ಆರಿರಲಿಲ್ಲ.